ಹದಿನಾರು ಕೊಕ್ಕೆ

ಆ ಶಾಲಾ ವ್ಯಾನಿನೊಳಗೆ ಹದಿನಾರು ಕೊಕ್ಕೆಗಳಿದ್ದವು. ಕಿಟಕಿಗಳ ಕೆಳಗೆ ಉದ್ದಕ್ಕೂ ಒಂದು ಕಬ್ಬಿಣದ ಸರಳು, ಅದಕ್ಕೆ ಬೆಸುಗೆ ಹಾಕಿದ ಕೊಕ್ಕೆಗಳು, ಒಂದೊಂದು ಕೊಕ್ಕೆಗೆ ಒಂದೊಂದು ಮಗುವಿನ ಚೀಲ. ಚೀಲದಲ್ಲಿ ತಟ್ಟೆ, ಲೋಟ, ನೀರಿನ ಬಾಟಲಿ. ಊಟ ಶಾಲೆಯದು, ತಟ್ಟೆ ಮನೆಯದು.

ಕೊಕ್ಕೆ ಖಾಲಿಯಾದರೆ ವ್ಯಾನ್ ಖಾಲಿ. ಆಯಮ್ಮನ ಲೆಕ್ಕ ಅಷ್ಟೇ. ಹನ್ನೊಂದು ವರ್ಷ ಆ ಲೆಕ್ಕ ತಪ್ಪಿರಲಿಲ್ಲ. ತಪ್ಪಿದ ದಿನ ಐದು ವರ್ಷದ ಒಂದು ಹೆಣ್ಣುಮಗು ಹಿಂದಿನ ಸೀಟಿನ ಕೆಳಗೆ ಉಳಿದುಹೋಯಿತು, ಬಾಗಿಲಿಗೆ ಬೀಗ ಬಿತ್ತು, ಬಿಸಿಲು ಏರಿತು. ಅಷ್ಟು ಹೊತ್ತೂ ಆಯಮ್ಮ ಮೂವತ್ತು ಹೆಜ್ಜೆ ಆಚೆ ಅಡುಗೆಮನೆಯಲ್ಲಿ ಕೂತು ಈರುಳ್ಳಿ ಹೆಚ್ಚುತ್ತ ಹರಟೆ ಹೊಡೆಯುತ್ತಿದ್ದಳು. ಹರಟೆ ಅಪರಾಧವಲ್ಲ. ದುಡಿಯುವವರಿಗೆ ಬಿಟ್ಟಿ ಸಿಗುವ ವಸ್ತು ಅದೊಂದೇ.

ಚೀಲ ಎಣಿಸುವ ಬುದ್ಧಿ ಅವಳಿಗೆ ಬಂದದ್ದು ಬಟ್ಟೆ ಕಾರ್ಖಾನೆಯಿಂದ. ಹದಿನೆಂಟನೇ ವಯಸ್ಸಿಗೆ ಕಾಲರ್ ಹೊಲಿಯಲು ಕೂತವಳು. ಅಲ್ಲಿ ಯಾರೂ ಕಾಲರ್ ಎಣಿಸುವುದಿಲ್ಲ, ಕಂತೆ ಎಣಿಸುತ್ತಾರೆ. ಕಂತೆ ಸರಿಯಿದ್ದರೆ ಒಳಗಿರುವುದೂ ಸರಿ ಎಂದು ನಂಬಿಕೆ. ಮೂತ್ರಕ್ಕೆ ಹೋಗಬೇಕಾದರೆ ಮೇಸ್ತ್ರಿಯ ಕೈಯಿಂದ ಟೋಕನ್ ಇಸಿದುಕೊಳ್ಳಬೇಕಾಗಿದ್ದ ಕಾರ್ಖಾನೆ ಅದು. ಇನ್ನೂರು ಹೆಂಗಸರು ಗೇಟಿನ ಮುಂದೆ ಒಂಬತ್ತು ದಿನ ಕೂತರು. ಟೋಕನ್ ಹೋಯಿತು. ಅದರ ಹಿಂದೆಯೇ ಆಯಮ್ಮನ ಕೆಲಸವೂ ಹೋಯಿತು. ಗೆದ್ದವರ ಮೆರವಣಿಗೆಯಲ್ಲಿ ಮುಂದಿನ ಸಾಲಿನಲ್ಲಿದ್ದವಳ ಹೆಸರು ಮರುತಿಂಗಳ ಹಾಜರಿ ಪಟ್ಟಿಯಲ್ಲಿ ಇರಲಿಲ್ಲ. ಅವಳು ಅದಕ್ಕೆ ಅತ್ತದ್ದನ್ನು ಯಾರೂ ನೋಡಿಲ್ಲ. ಈ ಶಾಲೆಯ ವ್ಯಾನ್ ಹತ್ತಿದಳು. ಮಕ್ಕಳ ನಿಜವಾದ ಹೆಸರುಗಳು ಅವಳ ನಾಲಿಗೆಗೆ ಹತ್ತಲಿಲ್ಲ, ತನ್ನವೇ ಹೆಸರು ಇಟ್ಟಳು. ಬಾಯಿಬಡುಕನೊಬ್ಬ ರೇಡಿಯೋ. ಸದಾ ತೂಕಡಿಸುವವಳು ದಿಂಬು. ಅಕ್ಕತಂಗಿಯರಿಬ್ಬರಲ್ಲಿ ಮೂರನೇ ಕ್ಲಾಸಿನ ದೊಡ್ಡವಳು ದಾರದುಂಡೆ, ಐದು ವರ್ಷದ ಸಣಕಲು ಚಿಕ್ಕವಳು ಗುಂಡುಸೂಜಿ. ಗುಂಡುಸೂಜಿ ಎಲ್ಲಿ ಬಿದ್ದಿದೆ ಎಂದು ಚುಚ್ಚಿದ ಮೇಲೇ ಗೊತ್ತಾಗುವುದು ಎಂದು ಅವಳೇ ತಮಾಷೆ ಮಾಡುತ್ತಿದ್ದಳು.

ಮೊದಲೆಲ್ಲ ವ್ಯಾನಿಗೊಬ್ಬಳು ಆಯಾ. ಬಾಗಿಲಲ್ಲಿ ನಿಂತು, ಒಂದೊಂದು ಮಗುವಿನ ರೆಟ್ಟೆ ಹಿಡಿದು ಇಳಿಸಿ, ಕೈಗೆ ಚೀಲ ಕೊಟ್ಟು ಕಳಿಸುವಷ್ಟು ಪುರುಸೊತ್ತು ಇತ್ತು. ಹೋದ ತಿಂಗಳು ಮ್ಯಾನೇಜರು ಒಂದು ಕಾಗದ ಹೊರಡಿಸಿದರು. ಎರಡು ವ್ಯಾನಿಗೆ ಒಬ್ಬಳೇ ಸಾಕು. ಮೊದಲನೇ ವ್ಯಾನಿನಲ್ಲಿ ಬರುವುದು, ಅದನ್ನು ಖಾಲಿ ಮಾಡಿಸುವುದು, ನಾಲ್ಕು ನಿಮಿಷದಲ್ಲಿ ಬರುವ ಎರಡನೇ ವ್ಯಾನಿಗೆ ಓಡುವುದು. ಇನ್ನೊಬ್ಬಳನ್ನು ಮನೆಗೆ ಕಳಿಸಿದರು. ಜೊತೆಗೆ ಒಂದು ಹೊಸ ಹಾಳೆ ಬಂತು. 'ಮಕ್ಕಳೆಲ್ಲ ಇಳಿದಿದ್ದಾರೆ, ವ್ಯಾನ್ ಪರೀಕ್ಷಿಸಲಾಗಿದೆ' ಎಂದು ಅಚ್ಚು ಮಾಡಿಸಿದ್ದರು, ಕೆಳಗೆ ಅವಳ ಸಹಿಗೆ ಜಾಗ. ಕೈ ಕಡಿಮೆ ಮಾಡಿದವರು ಕಾಗದ ಜಾಸ್ತಿ ಮಾಡಿದರು.

ಅವತ್ತು ಬೆಳಿಗ್ಗೆ ವ್ಯಾನ್ ಹತ್ತಿದ ಕೂಡಲೇ ಡ್ರೈವರಣ್ಣ ಶುರುಮಾಡಿದ.

"ಅಕ್ಕ, ನಮ್ಮ ನಾಯಿ ಎರಡು ದಿನದಿಂದ ಅನ್ನ ಮುಟ್ತಿಲ್ಲ. ಬರೀ ಬಿಸ್ಕತ್ತು."

"ನೀನು ಮುಟ್ತೀಯಾ ನಿನ್ನ ಹೆಂಡ್ತಿ ಮಾಡಿದ ಅನ್ನ? ಅದಕ್ಕೂ ನಾಲಿಗೆ ಇದೆ."

"ತಮಾಷೆ ಅಲ್ಲಕ್ಕ. ಇವತ್ತು ಇಂಜೆಕ್ಷನ್ ಹಾಕಿಸ್ಬೇಕು. ವ್ಯಾನ್ ನಿಲ್ಸಿ ಸೀದಾ ಮನೆಗೆ, ಅಲ್ಲಿಂದ ನಾಯಿ ಡಾಕ್ಟ್ರ ಹತ್ರ."

ಅಕ್ಕತಂಗಿಯರ ಮನೆಬಾಗಿಲಲ್ಲಿ ಅವರ ತಾಯಿ ಕೈಯಲ್ಲಿ ಬಾಚಣಿಗೆ ಹಿಡಿದೇ ಓಡಿಬಂದಳು. "ಆಯಮ್ಮ, ಚಿಕ್ಕವಳಿಗೆ ರಾತ್ರಿಯೆಲ್ಲ ಕೆಮ್ಮು. ಔಷಧಿ ಕುಡಿಸಿದ್ದೀನಿ, ನಿದ್ದೆ ಬರೋ ಔಷಧಿ. ಸ್ವಲ್ಪ ನೋಡ್ಕೊಳ್ಳಿ."

"ನೋಡ್ಕೊಳ್ತೀನಿ ಬಿಡವ್ವ" ಎಂದಳು ಆಯಮ್ಮ. ಗುಂಡುಸೂಜಿ ಎರಡೂ ಕೈ ಹೊಟ್ಟೆಗೆ ಒತ್ತಿಕೊಂಡು ಹಿಂದಿನ ಸೀಟಿಗೆ ಹೋದದ್ದನ್ನು ಅವಳು ಕಂಡಳು. ಹೊಟ್ಟೆನೋವಿರಬೇಕು, ಔಷಧಿ ಕುಡಿಸಿದರೆ ಹಾಗೇ ಎಂದುಕೊಂಡಳು. ಅಷ್ಟರಲ್ಲಿ ಡ್ರೈವರಣ್ಣ ನಾಯಿಯ ಮಾತು ಮುಂದುವರಿಸಿದ.

ಅವಳಿಗೆ ಆಮೇಲೆ ತಿಳಿದದ್ದು ನಮಗೆ ಈಗಲೇ ತಿಳಿದಿರಲಿ. ಹೊಟ್ಟೆಯ ಹತ್ತಿರ, ಅಂಗಿಯೊಳಗೆ, ಒಂದು ಬೆಕ್ಕಿನ ಮರಿಯಿತ್ತು. ಶಾಲೆಯ ಉಗ್ರಾಣದಲ್ಲಿ ಹುಟ್ಟಿದ ಮೂರು ಮರಿಗಳಲ್ಲೊಂದು. ಎರಡು ದಿನದ ಹಿಂದೆ ಗುಂಡುಸೂಜಿ ಅದನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಹೋಗಿದ್ದಳು. ಎಲ್ಲಿಂದ ತಂದೆಯೋ ಅಲ್ಲೇ ಬಿಟ್ಟು ಬಾ ಎಂದು ತಾಯಿ ಗದರಿದ್ದಳು. ಅದನ್ನೇ ಬಿಡಲು ತರುತ್ತಿದ್ದಳು. ವ್ಯಾನ್ ನಿಂತಾಗ ಮರಿ ಜಾರಿ ಸೀಟಿನ ಕೆಳಗೆ ನುಸುಳಿತು. ಅದರ ಹಿಂದೆ ಇವಳೂ ನುಸುಳಿದಳು.

"ಬರ್ತೀಯೋ ಇಲ್ವೋ? ನನಗೆ ಲೇಟಾಗುತ್ತೆ" ಎಂದಳು ದಾರದುಂಡೆ.

"ನನ್ನ ಚೀಲ ತಗೊಂಡು ನಡಿ. ಬಂದೆ" ಎಂದಿತು ಸೀಟಿನ ಕೆಳಗಿನ ದನಿ.

ಅಕ್ಕ ಎರಡೂ ಚೀಲ ತೆಗೆದುಕೊಂಡು ಇಳಿದಳು. ಎರಡನೇ ವ್ಯಾನ್ ಆಗಲೇ ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿತ್ತು. ಆಯಮ್ಮ ಬಾಗಿಲಿನಿಂದಲೇ ಕತ್ತು ಹಾಕಿ ಕೊಕ್ಕೆಗಳ ಮೇಲೆ ಕಣ್ಣಾಡಿಸಿದಳು. ಹದಿನಾರೂ ಖಾಲಿ. ಬಾಗಿಲು ಎಳೆದಳು. ಡ್ರೈವರಣ್ಣ ವ್ಯಾನನ್ನು ಕಾಂಪೌಂಡ್ ಗೋಡೆಯ ಪಕ್ಕಕ್ಕೆ ಒತ್ತಿ ನಿಲ್ಲಿಸಿ, ಬೀಗ ಹಾಕಿ, ಕೀಲಿ ಜೇಬಿಗಿಳಿಸಿ ನಾಯಿಯ ಕಡೆಗೆ ಹೊರಟುಹೋದ. ಮರದ ನೆರಳು ಮ್ಯಾನೇಜರ ಕಾರಿಗೆ ಮೀಸಲು. ಗೋಡೆಗೂ ನೆರಳಿತ್ತು, ಆದರೆ ಹತ್ತು ಗಂಟೆಯವರೆಗೆ ಮಾತ್ರ.

ಎರಡೂ ಹಾಳೆಗಳಿಗೆ ಸಹಿ ಹಾಕಿ ಅವಳು ಅಡುಗೆಮನೆಗೆ ಬಂದಾಗ ಒಂಬತ್ತಾಗಲು ಐದು ನಿಮಿಷ.

"ಬಾರೇ ಮಹಾರಾಣಿ" ಎಂದಳು ಅಡುಗೆಯಕ್ಕ. ಆರಡಿ ಎತ್ತರದ, ಒಲೆಯ ಮುಂದೆ ನಿಂತರೆ ಒಲೆಯೇ ಕಾಣದಷ್ಟು ಅಗಲದ ಹೆಂಗಸು. "ಈರುಳ್ಳಿ ನಿನ್ನ ದಾರಿ ಕಾದು ಕಾದು ಅಳ್ತಾ ಇದೆ."

"ಅಳೋದು ಈರುಳ್ಳಿ ಅಲ್ಲ ಕಣಕ್ಕ, ನಾನು. ನನ್ನ ಮಗಳ ಕಥೆ ಕೇಳಿದ್ರೆ ನೀನೂ ಅಳ್ತೀಯ."

"ಮತ್ತೆ ಗಣಿತಾನಾ?"

"ನೂರಕ್ಕೆ ಹನ್ನೊಂದು. ಆ ಮಾರ್ಕ್ಸ್ ಕಾರ್ಡ್ ಎಲ್ಲಿಟ್ಟಿದ್ಲು ಗೊತ್ತಾ? ಅಕ್ಕಿ ಡಬ್ಬದ ತಳದಲ್ಲಿ!"

ಅಡುಗೆಯಕ್ಕ ಹೊಟ್ಟೆ ಕುಲುಕಿಸಿ ನಕ್ಕಳು. "ಅಕ್ಕಿ ಡಬ್ಬದ ತಳ ಕಾಣೋದು ತಿಂಗಳ ಕೊನೆಗೆ. ಅಷ್ಟು ದಿನ ಬಚಾವ್ ಅಂತ ಲೆಕ್ಕ ಹಾಕಿದ್ದಾಳಲ್ಲೇ! ಅವಳಿಗೆ ಗಣಿತ ಬರಲ್ಲ ಅಂದವರು ಯಾರು?"

"ನಗಬೇಡಕ್ಕ. ಎಣಿಸೋಕೆ ಬರದೆ ಹೋದ್ರೆ ಬದುಕೋದು ಹೇಗೆ? ನಾನು ಇಡೀ ಜೀವನ ಎಣಿಸಿಕೊಂಡೇ ಅನ್ನ ತಿಂದವಳು. ಒಂದು ದಿನ ಒಂದು ತಪ್ಪು ಲೆಕ್ಕ ಬಂದಿದ್ರೆ ಹೇಳು."

ಹೊರಗೆ ಬೆಕ್ಕು ಕೂಗಿತು. ಬೂದಿ ಬಣ್ಣದ ತಾಯಿಬೆಕ್ಕು, ಹೆಸರೂ ಬೂದಿಯೇ. ಉಗ್ರಾಣದ ಎಣ್ಣೆಡಬ್ಬಿಗಳ ರಟ್ಟಿನ ಪೆಟ್ಟಿಗೆ ಅದರ ಬಾಣಂತಿಮನೆ.

"ಇದೇನೇ ಇದರ ಗೋಳು?"

"ಮೂರರಲ್ಲಿ ಒಂದು ಮರಿ ಕಾಣ್ತಿಲ್ಲ ಮೊನ್ನೆಯಿಂದ" ಎಂದಳು ಅಡುಗೆಯಕ್ಕ. "ಗಂಡುಬೆಕ್ಕು ತಿಂದಿರುತ್ತೆ. ಗಂಡಸರ ಬುದ್ಧಿ ಎಲ್ಲೂ ಒಂದೇ, ಹುಟ್ಟಿಸೋದು, ಮರೆಯೋದು."

ಆಯಮ್ಮ ಕಿಟಕಿಯಿಂದ ನೋಡಿದಳು. ಬೂದಿ ವ್ಯಾನಿನ ಹಿಂದಿನ ಚಕ್ರದ ಮೇಲೆ ಹತ್ತಿ ನಿಂತು, ಮುಂಗಾಲು ಚಾಚಿ ತಗಡನ್ನು ಕೆರೆಯುತ್ತಿತ್ತು. ಬಣ್ಣ ಕಿತ್ತುಬಂದರೆ ಮ್ಯಾನೇಜರು ಬಿಡುತ್ತಾರೆಯೇ? ಎದ್ದು ಹೋಗಿ "ಥೂ, ಹೋಗಾಚೆ" ಎಂದು ಓಡಿಸಿ ಬಂದಳು.

ಬೇಳೆ ಕುದಿಯಿತು. ಆಲೂಗಡ್ಡೆ ಸಿಪ್ಪೆ ಸುಲಿದದ್ದಾಯಿತು. ಅಡುಗೆಯಕ್ಕನ ಗಂಡ ಉಪ್ಪು ಕಡಿಮೆ ಎಂದು ತಟ್ಟೆ ತಳ್ಳಿದ್ದು, ಮರುದಿನ ಅವಳು ಉಪ್ಪಿನ ಡಬ್ಬವನ್ನೇ ತಟ್ಟೆಯಲ್ಲಿ ಬಡಿಸಿದ್ದು, ಎಲ್ಲ ಬಂತು. ಗೋಡೆಯ ನೆರಳು ವ್ಯಾನಿನ ಮೈಯಿಂದ ಕೆಳಗಿಳಿದು ಚಕ್ರದ ಹತ್ತಿರ ಬಂದಿತ್ತು.

ಬೆಕ್ಕು ಮತ್ತೆ ಅಲ್ಲೇ ಇತ್ತು. ಈ ಸಲ ದನಿ ಬೇರೆಯಾಗಿತ್ತು, ಹಸಿದ ಕೂಸಿನ ಅಳುವಿನ ಹಾಗೆ. ಆಯಮ್ಮ ಈರುಳ್ಳಿ ತೊಳೆದ ನೀರನ್ನು ಪಾತ್ರೆಯಲ್ಲಿ ಒಯ್ದು ಅದರ ಮೇಲೆ ಎರಚಿದಳು. ಎರಚುವ ಭರದಲ್ಲಿ ಕಾಲು ಜಾರಿ ವ್ಯಾನಿನ ಮೈಗೆ ಅಂಗೈ ಊರಿದಳು. ಚುರ್ ಎಂದಿತು. ಕಾದ ಬಾಣಲೆ ಮುಟ್ಟಿದ ಹಾಗೆ ಕೈ ಕಿತ್ತುಕೊಂಡಳು. ಒಳಗಿನಿಂದ ಸಣ್ಣಗೆ ಏನೋ ಕೇಳಿಸಿದ ಹಾಗಾಯಿತು. ಬೆಕ್ಕಿನದೇ ಇರಬೇಕು ಎಂದುಕೊಂಡಳು. ಬೆಕ್ಕಿನದೇ ಆಗಿತ್ತು, ಆದರೆ ಈ ಬೆಕ್ಕಿನದಲ್ಲ.

"ಏನೇ ಕೈ ನೆಕ್ಕಿಕೊಂಡು ಬರ್ತಿದ್ದೀಯ?"

"ವ್ಯಾನ್ ಕಾದಿದೆಯಕ್ಕ. ಅದರ ಮೇಲೇ ನಿನ್ನ ಮೊಟ್ಟೆ ಬೇಯಿಸಬಹುದು."

ಇಬ್ಬರೂ ನಕ್ಕರು. ಇವತ್ತು ಮಕ್ಕಳಿಗೆ ಮೊಟ್ಟೆಯ ದಿನ. ಆಯಮ್ಮ ಬೇಯಿಸಿದ ಮೊಟ್ಟೆಗಳ ಸಿಪ್ಪೆ ತೆಗೆಯುತ್ತ ತನ್ನ ತಂಗಿಯ ಮಗನ ಕಥೆ ಹೇಳಿದಳು. ಹುಡುಗ ತರಕಾರಿಯನ್ನೆಲ್ಲ ಬಾಯಲ್ಲೇ ಇಟ್ಟುಕೊಂಡು ಬಚ್ಚಲಿಗೆ ಹೋಗಿ ಉಗಿಯುತ್ತಾನಂತೆ. ಹೇಳುತ್ತಿದ್ದವಳು ಸಟ್ಟನೆ ನಿಂತಳು. ಯಾರೋ ಬೆಳಿಗ್ಗೆ ಏನೋ ನೋಡಿಕೊಳ್ಳಲು ಹೇಳಿದ್ದರಲ್ಲ? ಏನದು? ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಅದು ಕಾಡಿತು, ಕೈಗೆ ಸಿಗಲಿಲ್ಲ.

"ಆಮೇಲೆ?" ಎಂದಳು ಅಡುಗೆಯಕ್ಕ.

"ಆಮೇಲೇನು, ಅವರಮ್ಮ ಬಚ್ಚಲಿಗೇ ತಟ್ಟೆ ತಗೊಂಡು ಹೋಗಿ ಕೂತ್ಲು."

ಮೂರನೇ ಸಲ ಬೆಕ್ಕು ಕೂಗಿದಾಗ ಆಯಮ್ಮನ ತಾಳ್ಮೆ ಮುಗಿಯಿತು. ಹೋಗಿ ಕತ್ತಿನ ಚರ್ಮ ಹಿಡಿದು ಎತ್ತಿದಳು. ಅದು ಅವಳ ಮಣಿಕಟ್ಟನ್ನು ಪರಚಿತು. ಇಷ್ಟು ದಿನದಲ್ಲಿ ಒಮ್ಮೆಯೂ ಪರಚಿದ ಬೆಕ್ಕಲ್ಲ. "ಅನ್ನ ಹಾಕಿದ ಕೈಗೇ ಪರಚ್ತೀಯಾ?" ಎಂದು ಬೈದು, ಉಗ್ರಾಣಕ್ಕೆ ತಳ್ಳಿ, ಚಿಲಕ ಹಾಕಿದಳು. ಈಗ ಅಂಗಳ ನಿಶ್ಶಬ್ದವಾಯಿತು. ಗೋಡೆಯ ನೆರಳು ಒಂದು ಗೇಣಿಗೆ ಇಳಿದಿತ್ತು, ವ್ಯಾನಿನ ಬೆಳ್ಳಗಿನ ಛಾವಣಿ ಕಣ್ಣು ಕುಕ್ಕುತ್ತಿತ್ತು. ಆ ನಿಶ್ಶಬ್ದ ಅವಳಿಗೆ ಹಿತವಾಗಲಿಲ್ಲ. ಯಾಕೆಂದು ಗೊತ್ತಾಗಲಿಲ್ಲ.

ಹತ್ತೂಮುಕ್ಕಾಲಿಗೆ ಊಟದ ಗಂಟೆ ಹೊಡೆಯಿತು. ಮಕ್ಕಳು ಸಾಲು ನಿಂತರು. ಆಯಮ್ಮ ಒಂದೊಂದು ತಟ್ಟೆಗೆ ಒಂದೊಂದು ಮೊಟ್ಟೆ ಹಾಕುತ್ತ ಬಂದಳು. "ರೇಡಿಯೋ, ಬಾಯಿ ಮುಚ್ಚಿ ತಿನ್ನು. ದಿಂಬು, ತಟ್ಟೆ ಮೇಲೆ ನಿದ್ದೆ ಮಾಡಬೇಡ." ದಾರದುಂಡೆ ಮುಂದೆ ಬಂದಳು. ಅವಳ ಎರಡು ಕೈಯಲ್ಲಿ ಎರಡು ತಟ್ಟೆ.

"ಏನೇ, ಎರಡು ಮೊಟ್ಟೆ ಹೊಡೆಯೋ ಪ್ಲಾನಾ?"

"ನನಗಲ್ಲ ಆಯಮ್ಮ. ತಂಗೀದು. ಅವಳ ಚೀಲ ನನ್ನ ಹತ್ರಾನೇ ಉಳಿದುಬಿಡ್ತು. ಕೊಡೋಣ ಅಂತ ಅವಳ ಕ್ಲಾಸಿಗೆ ಹೋದ್ರೆ ಮಿಸ್ಸು ಅವಳು ಇವತ್ತು ಬಂದೇ ಇಲ್ಲ ಅಂದ್ರು. ನಿಮ್ಮ ಹತ್ರ ಬೆಕ್ಕಿನ ಮರಿ ಬಿಡೋಕೆ ಬಂದವಳು ಇಲ್ಲೇ ಕೂತಿದ್ದಾಳಾ?"

ಆಯಮ್ಮನ ಕೈಯಲ್ಲಿದ್ದ ಮೊಟ್ಟೆ ಕೈಯಲ್ಲೇ ನಿಂತಿತು.

ಎರಡು ಚೀಲ. ಹದಿನಾರು ಖಾಲಿ ಕೊಕ್ಕೆ. ಕೆಮ್ಮಿನ ಔಷಧಿ, ನಿದ್ದೆ ಬರೋ ಔಷಧಿ, ಸ್ವಲ್ಪ ನೋಡ್ಕೊಳ್ಳಿ. ಮೂರು ಸಲ ಕರೆದ ಬೆಕ್ಕು.

"ಅಕ್ಕ!" ಎಂದು ಅವಳು ಕೂಗಿದ ಕೂಗಿಗೆ ಸಾಲಿನಲ್ಲಿದ್ದ ಚಿಕ್ಕ ಮಕ್ಕಳು ಅಳತೊಡಗಿದವು. "ಅಕ್ಕ, ಮಗು ವ್ಯಾನಲ್ಲಿದೆ!"

ಕೀಲಿ ನಾಯಿಯ ಜೊತೆ ಹೋಗಿತ್ತು. ಅವಳು ಉಗ್ರಾಣಕ್ಕೆ ಓಡಿದಳು. ಚಿಲಕ ತೆಗೆದದ್ದೇ ಬೂದಿ ಅವಳ ಕಾಲ ನಡುವೆ ನುಗ್ಗಿ ಹೊರಗೆ ಹಾರಿತು. ತಕ್ಕಡಿಯ ಪಕ್ಕದಲ್ಲಿದ್ದ ಐದು ಕಿಲೋದ ಕಬ್ಬಿಣದ ತೂಕದ ಕಲ್ಲನ್ನು ಎತ್ತಿಕೊಂಡು ಅವಳು ಓಡಿದಳು. ಬೆಕ್ಕು ಆಗಲೇ ಚಕ್ರದ ಮೇಲಿತ್ತು. ಹಿಂದಿನ ಗಾಜು ಒಡೆದರೆ ಮಗುವಿನ ಮೇಲೆ ಬೀಳುತ್ತದೆ ಎನ್ನುವಷ್ಟು ಬುದ್ಧಿ ಆ ಹೊತ್ತಿನಲ್ಲೂ ಉಳಿದಿತ್ತು. ಡ್ರೈವರಣ್ಣನ ಸೀಟಿನ ಗಾಜಿಗೆ ಹೊಡೆದಳು. ಒಂದು. ಎರಡು. ಮೂರನೆಯದಕ್ಕೆ ಗಾಜು ಕಲ್ಲುಸಕ್ಕರೆಯ ಹಾಗೆ ಉದುರಿತು. ಕೈ ಹಾಕಿ ಬಾಗಿಲು ತೆಗೆದಾಗ ಮುಖಕ್ಕೆ ಬಡಿದ ಗಾಳಿ ಒಲೆಯ ಬಾಯಿಂದ ಬಂದ ಹಾಗಿತ್ತು.

ಗುಂಡುಸೂಜಿ ಕೊನೆಯ ಸೀಟಿನ ಕೆಳಗೆ ಮೊಣಕಾಲು ಮಡಿಸಿ ಮಲಗಿದ್ದಳು. ಮುಖ ಕೆಂಡದ ಬಣ್ಣ, ತುಟಿ ಬಿಳುಚು, ಕಣ್ಣು ಅರೆ ತೆರೆದು ಬರೀ ಬಿಳಿಗುಡ್ಡೆ. ಮೈ ಮುಟ್ಟಿದರೆ ಬೆವರೇ ಇಲ್ಲ, ಒಣಗಿ ಕಾದಿತ್ತು. ಮರಿ ಅವಳ ಕತ್ತಿನ ಹತ್ತಿರ ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಹಿಂದಿನ ಕಿಟಕಿಯ ಕೊಂಡಿ ಮುರಿದು ಎರಡು ಬೆರಳಿನಷ್ಟು ಸಂದಿಯಿತ್ತು. ಮಳೆ ಬಂದರೆ ಮಕ್ಕಳು ನೆನೆಯುತ್ತಾರೆ, ಸರಿ ಮಾಡಿಸಿ ಎಂದು ಆಯಮ್ಮ ಆಫೀಸಿಗೆ ನಾಲ್ಕು ಸಲ ಹೇಳಿದ್ದಳು. ಮಾಡಿಸಿರಲಿಲ್ಲ. ಆಫೀಸಿನ ಸೋಮಾರಿತನದಿಂದ ಒಂದು ಜೀವಕ್ಕೆ ಉಸಿರು ಸಿಕ್ಕಿದ್ದು ಅದೊಂದೇ ಸಲ.

ಅಡುಗೆಯಕ್ಕ ಮಗುವನ್ನು ಅಕ್ಕಿಮೂಟೆಯ ಹಾಗೆ ಎತ್ತಿ ನೆರಳಿಗೆ ತಂದು ಕೊಡಗಟ್ಟಲೆ ನೀರು ಸುರಿದಳು. ಮಗು ವಾಂತಿ ಮಾಡಿತು. ವಾಂತಿ ನೋಡಿ ಅಷ್ಟು ಸಂತೋಷಪಟ್ಟ ಹೆಂಗಸರು ಬೇರೆ ಇರಲಿಕ್ಕಿಲ್ಲ. ಮ್ಯಾನೇಜರು ಬಂದು ಆಂಬುಲೆನ್ಸ್, ಆಂಬುಲೆನ್ಸ್ ಎಂದರು.

"ನಿಮ್ಮ ಕಾರೇನು ದೇವರಿಗೆ ಬಿಟ್ಟಿದ್ದೀರಾ?" ಎಂದಳು ಅಡುಗೆಯಕ್ಕ. "ಬಾಗಿಲು ತೆಗೀರಿ."

ನೆರಳಿನಲ್ಲಿ ತಣ್ಣಗಿದ್ದ ಕಾರು ಹೊರಟಿತು.

ಮಧ್ಯಾಹ್ನ ಆಸ್ಪತ್ರೆಯಿಂದ ಸುದ್ದಿ ಬಂತು. ಜೀವಕ್ಕೆ ಮೋಸವಿಲ್ಲ, ಆದರೆ ಎರಡು ಸಲ ಫಿಟ್ಸ್ ಬಂದಿದೆ, ಇನ್ನೂ ಮಾತಾಡಿಲ್ಲ, ಮೂರು ದಿನ ನೋಡಬೇಕು. ಆ ಹೊತ್ತಿಗೆ ಆಯಮ್ಮ ಆಫೀಸಿನಲ್ಲಿ ನಿಂತಿದ್ದಳು. ಮೇಜಿನ ಮೇಲೆ ಬೆಳಗಿನ ಹಾಳೆಯಿತ್ತು.

"ಈ ಸಹಿ ನಿಮ್ಮದೇ ತಾನೇ?" ಎಂದರು ಮ್ಯಾನೇಜರು.

"ನಂದೇ."

"ಪರೀಕ್ಷಿಸಲಾಗಿದೆ ಅಂತ ಇದೆ."

"ಪರೀಕ್ಷೆ ಮಾಡಿಲ್ಲ. ಕೊಕ್ಕೆ ನೋಡಿದೆ, ಮಗು ನೋಡಲಿಲ್ಲ. ಅವರಮ್ಮ ಹೇಳಿ ಕಳಿಸಿದ್ದನ್ನೂ ಮರೆತೆ. ಆ ತಪ್ಪನ್ನ ನಾನು ಯಾರಿಗೂ ಹಂಚೋದಿಲ್ಲ ಸಾರ್." ಅವಳ ಮಣಿಕಟ್ಟಿನ ಪರಚುಗಾಯದಲ್ಲಿ ರಕ್ತ ಒಣಗಿತ್ತು. "ಆದ್ರೆ ಎರಡು ವ್ಯಾನಿಗೆ ಒಬ್ಬಳು ಸಾಕು ಅಂತ ಒಂದು ಕಾಗದ ಬಂತಲ್ಲ, ಅದರ ಕೆಳಗಿರೋ ಸಹಿ ಯಾರದು?"

"ಅದು ಬೇರೆ ವಿಷಯ."

"ಬೇರೆ ಅಲ್ಲ ಸಾರ್. ನಾಳೆನೂ ಎರಡು ವ್ಯಾನ್ ಬರುತ್ತೆ. ಯಾರು ನೋಡ್ತಾರೆ?"

"ಅದು ಇನ್ಮೇಲೆ ನಿಮ್ಮ ಚಿಂತೆ ಅಲ್ಲ. ನಾಳೆಯಿಂದ ನೀವು ಬರಬೇಕಾಗಿಲ್ಲ."

ಮನೆಗೆ ಬಂದಾಗ ಮಗಳು ತಟ್ಟೆ ಹಾಕಿದಳು. ಸುದ್ದಿ ಆಯಮ್ಮನಿಗಿಂತ ಮೊದಲೇ ಬೀದಿ ತಲುಪಿತ್ತು. ತಟ್ಟೆ ನೋಡಿದ ಕೂಡಲೇ ಆಯಮ್ಮ ಎದ್ದು ಹಿತ್ತಲಿಗೆ ಹೋದಳು. ಬಹಳ ಹೊತ್ತು ಅಂಗೈಯನ್ನು ನಲ್ಲಿಯ ನೀರಿಗೆ ಹಿಡಿದು ನಿಂತಳು. ಸುಟ್ಟದ್ದು ಅಷ್ಟೇನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಎಂಟೂವರೆಗೆ ಅವಳು ಶಾಲೆಯ ಗೇಟಿನ ಹೊರಗೆ ನಿಂತಿದ್ದಳು. ಗೇಟಿನ ತಾತ ಕುರ್ಚಿಯಿಂದ ಏಳಲಿಲ್ಲ.

"ಒಳಗೆ ಬಿಡಬಾರದು ಅಂತ ಹೇಳಿದ್ದಾರೆ ಕಣವ್ವ. ನನ್ನ ಹೊಟ್ಟೆ ಮೇಲೆ ಹೊಡೀಬೇಡ."

"ಒಳಗೆ ಬರಲ್ಲ ತಾತ. ರಸ್ತೆ ಅವರಪ್ಪಂದಲ್ಲ. ನಿಂತ್ಕೊಳ್ತೀನಿ."

ಮೊದಲನೇ ವ್ಯಾನ್ ಬಂತು. ಒಡೆದ ಕಿಟಕಿಗೆ ರಟ್ಟು ಅಂಟಿಸಿದ್ದರು. ಬಾಗಿಲಲ್ಲಿ ಆಯಾ ಇರಲಿಲ್ಲ. ಹಳಬಳೂ ಇಲ್ಲ, ಹೊಸಬಳೂ ಇಲ್ಲ. ಮಕ್ಕಳು ತಾವೇ ಚೀಲ ಕಿತ್ತುಕೊಂಡು ಧುಮುಕಿದವು. ಆಯಮ್ಮ ಗೇಟಿನ ಸರಳು ಹಿಡಿದು ಗಟ್ಟಿಯಾಗಿ ಎಣಿಸತೊಡಗಿದಳು. ಚೀಲವನ್ನಲ್ಲ, ತಲೆಯನ್ನು. ರೇಡಿಯೋ ಒಂದು. ದಿಂಬು ಎರಡು. ಆಸ್ಪತ್ರೆಯಲ್ಲಿರುವ ಗುಂಡುಸೂಜಿ, ಅವಳ ಜೊತೆಗಿರುವ ದಾರದುಂಡೆ ಇಬ್ಬರನ್ನು ಬಿಟ್ಟರೆ ಹದಿನಾಲ್ಕು ಬರಬೇಕು.

ಹದಿಮೂರಕ್ಕೆ ನಿಂತಿತು. ಡ್ರೈವರಣ್ಣ ಬಾಗಿಲು ಎಳೆದ.

ಒಂದು ಮಗು ಮನೆಯಲ್ಲೇ ಉಳಿದಿರಬಹುದು. ಜ್ವರ ಇರಬಹುದು, ಹಲ್ಲುನೋವು ಇರಬಹುದು. ನಿನ್ನೆ ಗುಂಡುಸೂಜಿಯ ಕ್ಲಾಸಿನ ಮಿಸ್ಸೂ ಹಾಗೇ ಅಂದುಕೊಂಡಿದ್ದರು.

"ತಾತ, ಗೇಟ್ ತೆಗಿ."

ತಾತ ಆಫೀಸಿನ ಕಡೆ ನೋಡಿದ. ಆಮೇಲೆ ಅವಳ ಮುಖ ನೋಡಿದ. ಎದ್ದು ಚಿಲಕ ತೆಗೆದ.

ಅವಳು ವ್ಯಾನ್ ಹತ್ತಿ ಕೊನೆಯ ಸೀಟಿನಿಂದ ಶುರುಮಾಡಿ ಒಂದೊಂದು ಸೀಟಿನ ಕೆಳಗೂ ಮೊಣಕಾಲೂರಿ ಕೈ ಹಾಕಿ ನೋಡಿದಳು. ಒಂದು ರಬ್ಬರು, ಒಂದು ಬಿಸ್ಕತ್ತಿನ ಚೂರು, ಬೂದಿ ಬಣ್ಣದ ನಾಲ್ಕು ಕೂದಲು. ಯಾರೂ ಇರಲಿಲ್ಲ. ಡ್ರೈವರಣ್ಣ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದ. ಆಫೀಸಿನ ಮೆಟ್ಟಿಲ ಮೇಲೆ ಯಾರೋ ಕೂಗುತ್ತಿದ್ದರು.

ಅಷ್ಟರಲ್ಲಿ ಗೇಟಿನಲ್ಲಿ ಎರಡನೇ ವ್ಯಾನ್ ಹಾರ್ನ್ ಹೊಡೆಯಿತು. ಅದರ ಬಾಗಿಲಲ್ಲೂ ಯಾರೂ ಇರಲಿಲ್ಲ.